ಆಯುಧಪೂಜೆಯ ಪೆಟ್ರೋಲು

ಕೆಸರೆಯ ಮರಿಸ್ವಾಮಿಯವರ ಶೆಡ್ಡಿಗೆ ನಾನು ಮೊದಲ ಸಲ ಹೋದದ್ದು ಜಗಳ ಆಡುವುದಕ್ಕೆ. ಯಾರ ಜೊತೆ, ಯಾತಕ್ಕೆ ಎನ್ನುವುದು ಇನ್ನೂ ಖಚಿತವಾಗಿರಲಿಲ್ಲ. ಸಿಟ್ಟನ್ನು ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಹೊರಟಿದ್ದೆ.

ನಾನು ಸುಚಿತ್ರಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ಪಾರ್ಕಿಗೆ ಒಂದು ಸಮಿತಿ ಇದೆ, ಅದಕ್ಕೆ ನಾನು ಕಾರ್ಯದರ್ಶಿ. ಹಿಂದಿನ ವರ್ಷ ಮನೆಮನೆ ಸುತ್ತಿ, ಬೈಸಿಕೊಂಡು, ಹುಲ್ಲು ಕತ್ತರಿಸುವ ಪೆಟ್ರೋಲ್ ಮಿಷನ್ ಒಂದನ್ನು ಕೊಂಡಿದ್ದೆವು. ಮಳೆಗಾಲ ಮುಗಿಯುವವರೆಗೆ ಅದು ಚೆನ್ನಾಗಿಯೇ ಓಡಿತು. ಆಮೇಲೆ ಪಾರ್ಕಿನ ಸ್ಟೋರ್ ರೂಮಿನಲ್ಲಿ ಗೋಣಿಚೀಲ ಹೊದಿಸಿ ಇಟ್ಟೆವು. ಈ ಜೂನ್ ಮೊದಲ ವಾರ ನಾಲ್ಕು ಮಳೆ ಬಿದ್ದು ಹುಲ್ಲು ಮೊಣಕಾಲಿಗೆ ಬಂದಾಗ ಹೊರಗೆ ತೆಗೆದರೆ, ಮಿಷನ್ನು ಕೆಮ್ಮಲೂ ಇಲ್ಲ. ನಮ್ಮ ಮಾಲಿ ಮಹದೇವು ಹಗ್ಗ ಎಳೆದೂ ಎಳೆದೂ, ‘ನನ್ ತೋಳು ಬಿದ್ದೋಯ್ತು ಕಣಮ್ಮ’ ಎಂದು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ಕಂಪನಿಯವರು ಮೋಸ ಮಾಡಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಇಂಥ ಮಿಷನ್ನುಗಳನ್ನು ರಿಪೇರಿ ಮಾಡುವ ಮರಿಸ್ವಾಮಿಯವರ ಹೆಸರನ್ನು ಯಾರೋ ಹೇಳಿದರು. ಮಿಷನ್ನನ್ನು ಆಟೋಗೆ ಹಾಕಿಸಿಕೊಂಡು ಊರಿನ ಇನ್ನೊಂದು ತುದಿಯ ಕೆಸರೆಗೆ ಹೋದೆ.

ಶೆಡ್ಡಿನ ಮುಂದೆ ಹೊಂಗೆಮರದ ನೆರಳಿನಲ್ಲಿ ಮುಕ್ಕಾಲಿಯ ಮೇಲೆ ಒಬ್ಬರು ಕೂತಿದ್ದರು. ಅರವತ್ತರ ಆಸುಪಾಸು, ತೆಳ್ಳಗಿನ ಮೈ, ಖಾಕಿ ಅಂಗಿ, ಮುಖದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಉದ್ದನೆಯ ಮೂಗು. ನಾನು ಕಂಪನಿಯವರನ್ನು ಬೈಯಲು ಶುರು ಮಾಡಿದೆ. ಅವರು ನನ್ನ ಮಾತಿಗೆ ತಲೆ ಆಡಿಸುತ್ತಲೇ ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಂದು ಬೆರಳು ಅದ್ದಿ ಇನ್ನೊಂದು ಕೈಯ ಹಿಂಬದಿಗೆ ಸವರಿಕೊಂಡು, ಮುಚ್ಚಳವನ್ನು ಮೂಗಿನ ಕೆಳಗೆ ಒಂದು ಸಲ ಆಡಿಸಿದರು.

‘ಕಂಪ್ನಿಯವ್ರನ್ನ ಬುಟ್ಬುಡಿ ಮೇಡಂ,’ ಎಂದರು. ‘ಇದು ಆಯುಧಪೂಜೆ ಪೆಟ್ರೋಲು. ಎಂಟು ತಿಂಗ್ಳಾಗದೆ.’

ನಿಜವಾಗಿಯೂ ಆಯುಧಪೂಜೆಯ ದಿನವೇ ಮಹದೇವು ಆ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದ್ದ. ದೇವಿಯ ಮುಂದೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿಸಬಾರದು ಎನ್ನುವುದು ಅವನ ವಾದ. ನಾವೂ ಹೌದೆಂದಿದ್ದೆವು. ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ತುಂಬಿದ ಟ್ಯಾಂಕಿನ ಸಮೇತ ಒಳಗಿಟ್ಟಿದ್ದೆವು. ಅದನ್ನು ಈ ಮನುಷ್ಯ ಮೂಸಿ ಹೇಳುತ್ತಿದ್ದಾರೆ! ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ನನಗೆ ಅವರ ಮೂಗನ್ನು ಮುಟ್ಟಿ ನೋಡಬೇಕು ಅನ್ನಿಸಿತ್ತು.

ಅಲ್ಲೇ ನಿಂತಿದ್ದ ಲೋಕೇಶ್ ನನ್ನ ಬೆರಗು ಕಂಡು ನಕ್ಕ. ಮರ ಕಡಿಯುವ ಗರಗಸದ ಮಿಷನ್ ಇಟ್ಟುಕೊಂಡು ಊರೆಲ್ಲ ಕೊಂಬೆ ಸವರುವುದು ಅವನ ಕಸುಬು. ‘ಅಣ್ಣನ ಮೂಗು ಅಂದ್ರೆ ಕೆಸರೆಗೆಲ್ಲ ಫೇಮಸ್ಸು ಮೇಡಂ. ಕಡಕೊಳದಿಂದ ಜನ ಬತ್ತಾರೆ,’ ಎಂದ. ಮರಿಸ್ವಾಮಿ ಅವನ ಗರಗಸವನ್ನೂ ತೆಗೆದುಕೊಂಡು ಅದೇ ರೀತಿ ನೋಡಿದರು. ‘ನೀನು ಹಳೇದರ ಮೇಲೆ ಹೊಸದು ಸುರ್ದಿದ್ದೀಯ ಕಣೋ. ಕೆಟ್ಟ ಮಜ್ಜಿಗೆಗೆ ಹಾಲು ಹಾಕ್ದಂಗೆ.’ ಲೋಕೇಶ್ ತಲೆ ಕೆರೆದುಕೊಂಡ. ಅವನ ಕೈಯಲ್ಲಿ ಸೋಡಾ ಬಾಟಲಿಯಲ್ಲಿ ತಂದಿದ್ದ ಪೆಟ್ರೋಲು ಇತ್ತು. ಅದಕ್ಕೂ ಬೈಸಿಕೊಂಡ.

ಅವತ್ತು ಅವರು ನನಗೆ ಮಾಡಿದ ಪಾಠವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಮ್ಮ ಟ್ಯಾಂಕಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಕಲ್ಲಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಬಾಟಲಿಯ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತು. ‘ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ ಬೆರೆಸಿರ್ತಾರೆ ಮೇಡಂ. ಅದು ಗಾಳೀಲಿರೋ ನೀರನ್ನ ಕರ್ಕೊಂಡ್ ಬತ್ತದೆ. ಇಬ್ರೂ ಸೇರ್ಕೊಂಡು ತಳಕ್ಕೆ ಕೂತ್ಕಂಡ್‌ಬುಡ್ತಾರೆ. ಇಂಜಿನ್ ಮೊದ್ಲು ಕುಡಿಯೋದು ತಳದ್ದನ್ನೇ ಅಲ್ವಾ?’ ಆಮೇಲೆ ಕಾರ್ಬೊರೇಟರ್ ಬಿಚ್ಚಿ ಒಂದು ಪುಟ್ಟ ಹಿತ್ತಾಳೆಯ ಚೂರನ್ನು ತೋರಿಸಿದರು. ಅದರಲ್ಲಿ ಕೂದಲೆಳೆ ತೂರುವಷ್ಟು ತೂತು. ಪೆಟ್ರೋಲು ಒಣಗಿ, ಅಂಟಾಗಿ, ಆ ತೂತು ಮುಚ್ಚಿಹೋಗಿತ್ತು. ಇಷ್ಟು ದೊಡ್ಡ ಮಿಷನ್ನು ನಿಂತಿದ್ದು ಅಷ್ಟಕ್ಕೆ.

ಮದ್ಯಸಾರ, ಅಂದರೆ ಅದೇ ಸ್ಪಿರಿಟ್ಟು, ನೀರಿನಲ್ಲಿ ಕರಗುತ್ತದೆ ಎಂದು ನಾನು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಪರೀಕ್ಷೆಗೆ ಕೇಳಿದ್ದೇನೆ, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ಅದೇ ವಿಷಯ ನಮ್ಮ ಸ್ಟೋರ್ ರೂಮಿನಲ್ಲಿ ಗೋಣಿಚೀಲದ ಕೆಳಗೆ ಎಂಟು ತಿಂಗಳು ನಡೆಯುತ್ತಿತ್ತು. ನನಗೆ ಹೊಳೆಯಲೇ ಇಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಆಮೇಲೆ ನೆಪ ಹುಡುಕಿಕೊಂಡು ಆ ಕಡೆ ಹೋಗತೊಡಗಿದೆ. ಮರಿಸ್ವಾಮಿಯವರ ತಂದೆಗೆ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಸ್ವಲ್ಪ ಗದ್ದೆ ಇತ್ತಂತೆ, ಒಂದು ಪಂಪಿನ ಇಂಜಿನ್ನೂ ಇತ್ತಂತೆ. ಮನೆಯಲ್ಲಿ ಉಳಿದವರು ಗದ್ದೆಗೆ ಇಳಿದರೆ ಇವರು ಇಂಜಿನ್ನಿನ ಪಕ್ಕ ಕೂರುತ್ತಿದ್ದರಂತೆ. ಕಡಕೊಳದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಜನರೇಟರ್ ನೋಡಿಕೊಂಡಿದ್ದರು. ಅದು ಮುಚ್ಚಿದ ಮೇಲೆ ಈ ಶೆಡ್ಡು. ಹುಲ್ಲಿನ ಮಿಷನ್ನು, ಕಳೆ ಕತ್ತರಿಸುವ ಮಿಷನ್ನು, ಗರಗಸ, ಔಷಧಿ ಹೊಡೆಯುವ ಪಂಪು, ಪೆಟ್ರೋಲು ಕುಡಿದು ಬಯಲಲ್ಲಿ ದುಡಿಯುವುದು ಏನಿದ್ದರೂ ಅಲ್ಲಿಗೆ ಬರುತ್ತಿತ್ತು.

ಆ ಶೆಡ್ಡಿನ ಒಂದು ವಿಚಿತ್ರವೆಂದರೆ ಒಳಗೆ ಪೆಟ್ರೋಲಿನ ವಾಸನೆಯೇ ಇರುತ್ತಿರಲಿಲ್ಲ. ಮುಚ್ಚಳ ಬಿಚ್ಚುವುದು, ಬಗ್ಗಿಸುವುದು ಎಲ್ಲವೂ ಹೊಂಗೆಮರದ ಕೆಳಗೆ, ಗಾಳಿಯಲ್ಲಿ. ಪೆಟ್ರೋಲು ಇರುತ್ತಿದ್ದುದು ಬಿಗಿ ಮುಚ್ಚಳದ ಕಬ್ಬಿಣದ ಕ್ಯಾನುಗಳಲ್ಲಿ, ಹಿತ್ತಲಿನ ಒಂದು ಸಣ್ಣ ಗೂಡಿನಲ್ಲಿ. ಪ್ರತಿ ಕ್ಯಾನಿನ ಮೇಲೂ ಸೀಮೆಸುಣ್ಣದಲ್ಲಿ ತಂದ ತಾರೀಖು. ಒಂದು ತಿಂಗಳು ದಾಟುವುದರೊಳಗೆ ಅದನ್ನು ತಮ್ಮ ಸ್ಕೂಟರಿಗೆ ಸುರಿದು ಹೊಸದು ತರುತ್ತಿದ್ದರು. ಹೆಂಡತಿ ಚಾಮುಂಡಮ್ಮ ಆಗಾಗ ಕಾಫಿ ತಂದುಕೊಡುತ್ತಿದ್ದರು. ದುಂಡಗಿನ ಮುಖ, ಕಡಿಮೆ ಮಾತು. ಅವರು ಶೆಡ್ಡಿನ ಬಾಗಿಲಿಗೆ ಬಂದಾಗಲೆಲ್ಲ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು ಆಮೇಲೆ ಒಳಗೆ ಬರುತ್ತಿದ್ದರು. ಕಸುಬಿನ ಜಾಗಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಾರೆ ಎಂದುಕೊಂಡಿದ್ದೆ.

ದಸರಾ ಹತ್ತಿರ ಬಂದಾಗ ಮರಿಸ್ವಾಮಿ ಒಂದು ವಿಷಯ ಹೇಳಿದರು. ಅವರ ಗಿರಾಕಿಗಳಲ್ಲಿ ಜಾಗ ಇಲ್ಲದವರು ಮಳೆಗಾಲ ಮುಗಿದ ಮೇಲೆ ಮಿಷನ್ನನ್ನು ಅವರ ಅಟ್ಟದಲ್ಲೇ ಇಡುತ್ತಾರೆ. ಎಲ್ಲಕ್ಕೂ ಆಯುಧಪೂಜೆಯ ದಿನ ಒಟ್ಟಿಗೆ ಪೂಜೆ. ಆದರೆ ಒಂದು ಷರತ್ತು, ಒಂದು ಹನಿ ಪೆಟ್ರೋಲೂ ಇರಕೂಡದು. ಈ ಸಲ ನಮ್ಮದನ್ನೂ ಅಲ್ಲೇ ಇಡುವುದೆಂದು ನಾನು ತೀರ್ಮಾನಿಸಿದೆ.

‘ಟ್ಯಾಂಕ್ ಬಗ್ಸಿ ಖಾಲಿ ಮಾಡಿ. ಆಮೇಲೆ ಇಂಜಿನ್ ಓಡ್ಸಿ, ತಾನಾಗೇ ನಿಲ್ಲೋಗಂಟ. ನಿಲ್ಲೋಕೆ ಮುಂಚೆ ಒಂದ್ಸಲ ಜೋರಾಗಿ ಕೂಗ್ತದೆ. ಆಗ ಒಳಗೆಲ್ಲ ಒಣಗ್ತು ಅಂತ ತಿಳ್ಕಳಿ. ಪ್ಲಗ್ ಬಿಚ್ಚಿ ಒಂದ್ ಚಮಚ ಆಯಿಲ್ ಬುಟ್ಟು, ಎರಡ್ಸಲ ಮೆಲ್ಲಗೆ ಹಗ್ಗ ಎಳ್ದು ಮುಚ್ಚಿ. ಅಷ್ಟೇ.’

‘ಖಾಲಿ ಹೊಟ್ಟೇಲಿ ಪೂಜೆನಾ ಅಂತಾನೆ ನಮ್ಮ ಮಹದೇವು,’ ಎಂದೆ.

‘ಪೂಜೆ ದಿನ ನಾವು ಉಪವಾಸ ಇರಲ್ವಾ ಮೇಡಂ? ಅದೂ ಇರ್ಲಿ.’

ಈ ಮಾತನ್ನು ಮಹದೇವುಗೆ ಮೂರು ಸಲ ಹೇಳಿದೆ. ಅವನು ಮೂರು ಸಲವೂ ಹೂಂಗುಟ್ಟಿದ. ನನ್ನ ಕಣ್ಣೆದುರೇ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ಓಡಿಸಿದ. ಅದು ಮರಿಸ್ವಾಮಿ ಹೇಳಿದಂತೆಯೇ ಒಂದು ಸಲ ಕೂಗಿ ನಿಂತಿತು. ಆಯುಧಪೂಜೆಯ ಬೆಳಿಗ್ಗೆ ಅವನನ್ನು ಮಿಷನ್ ಸಮೇತ ಆಟೋದಲ್ಲಿ ಮುಂದೆ ಕಳಿಸಿ, ನಾನು ಹೂವು ತೆಗೆದುಕೊಂಡು ಹಿಂದೆ ಬಸ್ಸಿನಲ್ಲಿ ಹೋದೆ. ಅಲ್ಲೇ ನಾನು ಕೆಟ್ಟಿದ್ದು.

ನಾನು ತಲುಪಿದಾಗ ಅಂಗಳದಲ್ಲಿ ಲೋಕೇಶ್, ಮಹದೇವು ಮತ್ತು ನಾಲ್ಕಾರು ಗಿರಾಕಿಗಳು ಬಾಗಿಲಿಗೆ ಕಟ್ಟಲು ಮಾವಿನೆಲೆ ಪೋಣಿಸುತ್ತಿದ್ದರು. ಚಾಮುಂಡಮ್ಮ ಇರಲಿಲ್ಲ. ಮಗಳ ಬಾಣಂತನಕ್ಕೆ ಕಡಕೊಳಕ್ಕೆ ಹೋಗಿದ್ದರು. ಶೆಡ್ಡಿನೊಳಗೆ ಹದಿನೇಳು ಮಿಷನ್ನುಗಳು ಸಾಲಾಗಿ ಗೋಣಿತಾಟಿನ ಮೇಲೆ ಕೂತಿದ್ದವು. ಒಂದೊಂದರ ಹಣೆಗೂ ಕುಂಕುಮ. ಮರಿಸ್ವಾಮಿ ಬಿಳಿ ಪಂಚೆ ಉಟ್ಟು, ನಮ್ಮ ಮಿಷನ್ನಿನ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತು, ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡಿದ್ದರು. ಕೈಯಲ್ಲಿ ಬೆಂಕಿಪೊಟ್ಟಣ.

ಹೊಸ್ತಿಲು ದಾಟಿದ್ದೇ ತಡ, ಪೆಟ್ರೋಲಿನ ವಾಸನೆ ಮುಖಕ್ಕೆ ಹೊಡೆಯಿತು. ಎಂಥ ವಾಸನೆ! ಕಣ್ಣು ಉರಿಯುವಷ್ಟು. ಅವರು ಕಡ್ಡಿಯನ್ನು ಪೊಟ್ಟಣಕ್ಕೆ ತಾಗಿಸಿದ್ದರು.

‘ಕಡ್ಡಿ ಬಿಡಿ ಕೆಳಗೆ!’

ನನ್ನ ಕ್ಲಾಸಿನ ದನಿ ಅದು. ಲ್ಯಾಬಿನಲ್ಲಿ ಮಕ್ಕಳು ಬರ್ನರಿನ ಹತ್ತಿರ ಜಡೆ ತಂದಾಗ ಹೊರಡುತ್ತಿದ್ದ ದನಿ. ಮರಿಸ್ವಾಮಿಯವರ ಕೈಯಿಂದ ಪೊಟ್ಟಣ ಜಾರಿಬಿತ್ತು, ಕಡ್ಡಿ ಗೀರಿರಲಿಲ್ಲ. ಲೋಕೇಶ್ ಓಡಿಬಂದು ಮೂಗು ಮುಚ್ಚಿಕೊಂಡ. ಗೋಣಿತಾಟು ಎತ್ತಿದರೆ ಕೆಳಗೆ ನೆಲವೆಲ್ಲ ಒದ್ದೆ. ಹರಿಯುತ್ತಿದ್ದುದು ನಮ್ಮ ಮಿಷನ್ನಿನಿಂದ. ಮಹದೇವು ದಾರಿಯಲ್ಲಿ ಬಂಕಿನಲ್ಲಿ ಆಟೋ ನಿಲ್ಲಿಸಿ ಟ್ಯಾಂಕನ್ನು ಮತ್ತೆ ಕಂಠಪೂರ್ತಿ ತುಂಬಿಸಿದ್ದ. ಆಟೋದಲ್ಲಿ ಅಡ್ಡ ಮಲಗಿಸಿ ತಂದಿದ್ದರಿಂದ ಟ್ಯಾಂಕಿನ ಕೆಳಗಿನ ರಬ್ಬರು ಪೈಪು ಜರುಗಿತ್ತು. ‘ತಾಯಿ ಮುಂದೆ ಖಾಲಿ ಇಡಕ್ಕೆ ಮನಸ್ ಬರ್ಲಿಲ್ಲ ಕಣಮ್ಮ,’ ಎಂದು ಅವನು ಅಳುವ ದನಿಯಲ್ಲಿ ಹೇಳಿದ.

ಅವನನ್ನು ಬೈಯಬೇಕಿತ್ತು. ನನ್ನನ್ನು ನಾನೇ ಬೈದುಕೊಳ್ಳಬೇಕಿತ್ತು. ಆದರೆ ಹೆದರಿಕೆಯಲ್ಲಿ ನನ್ನ ನಾಲಿಗೆ ಹೋದದ್ದು ಬೇರೆ ಕಡೆಗೆ. ‘ನಿಮ್ಮ ಮೂಗು ಎಲ್ಲಿ ಹೋಗಿತ್ತು ರೀ ಮರಿಸ್ವಾಮಿ? ಒಂದು ಮೊಳ ದೂರದಲ್ಲಿ ಕೂತಿದ್ದೀರಿ!’ ಎಂದು ಎಲ್ಲರ ಮುಂದೆ ಕಿರುಚಿದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. ಮೂವತ್ತೊಂದು ವರ್ಷ ಮಕ್ಕಳ ಮುಖ ಓದಿದವಳು ನಾನು. ಉತ್ತರ ಗೊತ್ತಿಲ್ಲದ ಮುಖ ಬೇರೆ, ಸಿಕ್ಕಿಬಿದ್ದ ಮುಖ ಬೇರೆ. ಅಂಗಳದಲ್ಲಿದ್ದವರೂ ಅದನ್ನು ಕಂಡರು.

ಮಿಷನ್ನುಗಳನ್ನೆಲ್ಲ ಹೊರಗೆ ಸಾಗಿಸಿ, ನೆಲಕ್ಕೆ ಮರಳು ಸುರಿದು, ಬಾಗಿಲು ಕಿಟಕಿ ತೆರೆದಿಟ್ಟೆವು. ಆ ವರ್ಷ ಕರ್ಪೂರ ಇಲ್ಲದೆ, ಹೂವು ಕುಂಕುಮದಲ್ಲೇ ಪೂಜೆ ಮುಗಿಯಿತು. ಗಿರಾಕಿಗಳಲ್ಲಿ ಐವರು ಏನೇನೋ ನೆಪ ಹೇಳಿ ತಮ್ಮ ಮಿಷನ್ನನ್ನು ಮನೆಗೇ ತೆಗೆದುಕೊಂಡು ಹೋದರು. ನಮ್ಮದನ್ನು ಮತ್ತೆ ಬಗ್ಗಿಸಿ, ಒಣಗಿಸಿ ಅಟ್ಟಕ್ಕೆ ಏರಿಸಿದೆವು. ಎಲ್ಲರೂ ಹೋದ ಮೇಲೆ ಮರಿಸ್ವಾಮಿ ಹೊಂಗೆಮರದ ಕೆಳಗೆ ಕೂತರು.

‘ಎರಡ್ ವರ್ಷ ಆಯ್ತು ಮೇಡಂ. ಆ ಕೊರೋನಾ ಜ್ವರ ಬಂತಲ್ಲ, ಆಗ ಹೋದದ್ದು ವಾಪಸ್ ಬರ್ಲೇ ಇಲ್ಲ. ಮಲ್ಲಿಗೆ ಇಲ್ಲ, ಸಾರಿನ ಒಗ್ಗರಣೆ ಇಲ್ಲ, ಪೆಟ್ರೋಲೂ ಇಲ್ಲ.’

ನನಗೆ ನಂಬಲಾಗಲಿಲ್ಲ. ‘ಜೂನ್‌ನಲ್ಲಿ ನನ್ನ ಮಿಷನ್ ಮೂಸಿ ಎಂಟು ತಿಂಗಳು ಅಂದಿರಲ್ಲ?’

‘ಟ್ಯಾಂಕ್ ಮೇಲೆ ಕುಂಕುಮ ಇನ್ನೂ ಮೆತ್ಕಂಡಿತ್ತಲ್ಲ ಮೇಡಂ,’ ಎಂದು ಸಣ್ಣಗೆ ನಕ್ಕರು. ನಾನೂ ನಕ್ಕೆ, ಅಷ್ಟರಲ್ಲಿ ಕಣ್ಣು ಯಾಕೋ ತುಂಬಿಬಂತು.

‘ಲೋಕೇಶಂದು? ಅದಕ್ಕೆ ಕುಂಕುಮ ಇರಲಿಲ್ಲ.’

ಅವರು ಎದ್ದುಹೋಗಿ ಎರಡು ಕ್ಯಾನು ತಂದರು. ನನ್ನ ಎಡಗೈಯನ್ನು ಚಾಚಿಸಿ, ಕೈಯ ಹಿಂಬದಿಗೆ ಒಂದರಿಂದ ಒಂದು ಹನಿ ಸವರಿದರು. ಸುಯ್ಯೆಂದು ತಣ್ಣಗಾಗಿ, ನೋಡುತ್ತಿದ್ದಂತೆ ಏನೂ ಉಳಿಸದೆ ಆರಿಹೋಯಿತು. ‘ಇದು ಮೊನ್ನೇದು.’ ಇನ್ನೊಂದರಿಂದ ಸವರಿದರು. ಅದು ಅಷ್ಟು ತಣ್ಣಗಾಗಲಿಲ್ಲ, ಆರಲು ತಡ ಮಾಡಿತು, ಆರಿದ ಮೇಲೂ ಚರ್ಮ ಜಿಡ್ಡಾಗಿಯೇ ಇತ್ತು. ‘ಇದು ಆರ್ ತಿಂಗ್ಳದ್ದು. ಒಬ್ರು ಬಿಸಾಕಿ ಅಂತ ಕೊಟ್ಟವ್ರೆ. ಎರಡೂ ಬೆರೆಸಿದ್ರೆ ಮೊದ್ಲು ಬೇಗ ಆರ್ತದೆ, ಆಮೇಲೆ ನಿಧಾನ ಆಗ್ತದೆ. ಲೋಕೇಶಂದು ಅಂಗೇ ಇತ್ತು.’

ನಾನು ನನ್ನ ಕೈಯನ್ನೇ ನೋಡುತ್ತ ಕೂತೆ. ಮೂಗು ಹೋದ ಮನುಷ್ಯ ತನ್ನ ಚರ್ಮಕ್ಕೆ ಹೊಸ ವಿದ್ಯೆ ಕಲಿಸಿದ್ದರು. ಯಾರ ಸಹಾಯವೂ ಇಲ್ಲದೆ, ಯಾರಿಗೂ ತಿಳಿಯದಂತೆ, ಅರವತ್ತು ದಾಟುವ ವಯಸ್ಸಿನಲ್ಲಿ. ಅದೂ ಮೂಗಿಗಿಂತ ಒಂದು ಹಿಡಿ ಹೆಚ್ಚೇ ನಿಖರವಾಗಿ. ನನ್ನ ಜೀವಮಾನದಲ್ಲಿ ನಾನು ಹಲವು ಪ್ರಯೋಗಶಾಲೆ ನೋಡಿದ್ದೇನೆ, ಇಂಥದ್ದನ್ನು ನೋಡಿಲ್ಲ. ಅವರಿಗೆ ಕೈಮುಗಿಯಬೇಕು ಅನ್ನಿಸಿತು, ಮುಗಿದೆ. ಅವರು ಗಾಬರಿಯಾಗಿ, ‘ಅಯ್ಯೋ, ಏನ್ ಮೇಡಂ ಇದು,’ ಎಂದು ಎದ್ದುನಿಂತರು.

‘ಮತ್ತೆ ಆ ಮುಚ್ಚಳ ಮೂಸೋ ನಾಟಕ ಯಾಕೆ?’ ಎಂದೆ.

‘ಜನ ಮೂಗಿಗೆ ಬರೋದು ಮೇಡಂ. ಮರಿಸ್ವಾಮಿಗೆ ವಾಸನೆ ತಿಳಿಯಕ್ಕಿಲ್ಲ ಅಂದ್ರೆ ಯಾರು ಮಿಷನ್ ಕೊಡ್ತಾರೆ? ನಾಳೆ ಸುಟ್ಟಾಕ್‌ಬುಟ್ರೆ ಅಂತಾರೆ. ಅನ್ನೋದೂ ಸರಿಯೇ, ಇವತ್ತು ಸುಟ್ಟಾಕ್ತಿದ್ದೆ.’ ಕ್ಯಾನಿನ ಮುಚ್ಚಳ ಬಿಗಿ ಮಾಡುತ್ತ, ‘ಚಾಮುಂಡಿ ಇದ್ದಿದ್ರೆ ಇಂಗಾಗ್ತಿರ್ಲಿಲ್ಲ,’ ಎಂದರು.

ಅವರು ಬಿಡಿಸಿ ಹೇಳಿದಾಗ ತಿಳಿಯಿತು. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವುದು ಚಾಮುಂಡಮ್ಮ. ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತು, ಉಸಿರೆಳೆದು, ‘ಹಾಕಿ’ ಅನ್ನುತ್ತಾರೆ. ಆಮೇಲೆ ಇವರು ಲೈಟಿನ ಸ್ವಿಚ್ಚು ಹಾಕುತ್ತಾರೆ. ಕಾಫಿ ಹಿಡಿದು ಬಂದಾಗ ಅವರು ಹೊಸ್ತಿಲಲ್ಲಿ ನಿಲ್ಲುತ್ತಿದ್ದುದು ಕೈಮುಗಿಯುವುದಕ್ಕಲ್ಲ. ಎರಡು ವರ್ಷ ಆ ಹೆಂಗಸು ಗಂಡನಿಗೆ ಮೂಗಾಗಿದ್ದರು. ಅದೂ ಕಾಫಿಯ ನೆಪದಲ್ಲಿ, ಯಾವ ಗಿರಾಕಿಗೂ ಗುಟ್ಟು ಗೊತ್ತಾಗದಂತೆ.

ನನ್ನ ನಾಲಿಗೆಯಿಂದ ಆ ಗುಟ್ಟು ಅರ್ಧ ಬೀದಿಗೆ ಬಿದ್ದಿತ್ತು. ‘ಜ್ವರ ಇತ್ತು, ಮೂಗು ಕಟ್ಟಿತ್ತು ಅಂತ ಹೇಳಿಬಿಡೋಣ,’ ಎಂದು ನಾನೇ ಸುಳ್ಳು ಹೇಳಿಕೊಟ್ಟೆ. ಅವರು ಕ್ಯಾನುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಎರಡು ವಾರದ ಮೇಲೆ ಫೋನು ಬಂತು. ಚಾಮುಂಡಮ್ಮ ಮಾತಾಡಿದರು. ಅವರು ನನ್ನ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

‘ಒಂದ್ ಬೋರ್ಡ್ ಬರ್ಕೊಡಿ ಮೇಡಂ. ನಿಮ್ ಅಕ್ಷರ ಚೆನ್ನಾಗದೆ ಅಂತಾರೆ. ಇನ್ಮೇಲೆ ಮುಚ್ಚಿಡದು ಬೇಡ. ನಾನು ಮಗಳ ಮನೆಗೆ ಹೋದಾಗೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಕೂರಕ್ಕಾಗಲ್ಲ. ಗಿರಾಕಿ ಹೋದ್ರೆ ಹೋಗ್ಲಿ, ಇವ್ರು ಉಳ್ಕಳ್ಳಿ.’

ನಾನು ಹಲಗೆಗೆ ಹಳದಿ ಬಣ್ಣ ಬಳಿದು, ಕೆಂಪಿನಲ್ಲಿ, ‘ಮಾಲೀಕರಿಗೆ ಘ್ರಾಣಶಕ್ತಿಯ ಕೊರತೆಯಿರುವುದರಿಂದ’ ಎಂದು ಶುರು ಮಾಡಿದ್ದೆ. ಮರಿಸ್ವಾಮಿ ಓದಿ, ‘ಇದೇನ್ ಮೇಡಂ, ಕೋರ್ಟಿಂದ ಬಂದಂಗದೆ,’ ಎಂದರು. ಅಳಿಸಿ ಮತ್ತೆ ಬರೆದೆ. ‘ನನಗೆ ವಾಸನೆ ತಿಳಿಯುವುದಿಲ್ಲ. ಒಳಗೆ ಬರುವ ಮುಂಚೆ ಮೂಸಿ ನೋಡಿ ಹೇಳಿ. — ಮರಿಸ್ವಾಮಿ.’ ಬಾಗಿಲ ಪಕ್ಕ ಅವರೇ ಮೊಳೆ ಹೊಡೆದರು.

ಆಮೇಲಿನದು ಕಾಯುವ ಕಾಲ. ನವೆಂಬರಿನಿಂದ ಮೇ ತಿಂಗಳವರೆಗೆ ಹುಲ್ಲು ಬೆಳೆಯುವುದಿಲ್ಲ, ಕೆಟ್ಟ ಮಿಷನ್ನು ಯಾರ ನೆನಪಿಗೂ ಬರುವುದಿಲ್ಲ. ಲೋಕೇಶನ ಗರಗಸ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಬೋರ್ಡು ಓದಿದವರು ಮತ್ತೆ ಬರುತ್ತಾರೋ ಇಲ್ಲವೋ ಎನ್ನುವುದು ಗೊತ್ತಾಗಬೇಕಾದರೆ ಜೂನ್ ಬರಬೇಕು, ಮಳೆ ಬೀಳಬೇಕು. ಅಷ್ಟರಲ್ಲಿ ಮುಖ್ಯರಸ್ತೆಯಲ್ಲಿ ಅದೇ ಕಸುಬಿನ ಹೊಸ ಅಂಗಡಿಯೊಂದು ಗಾಜಿನ ಬಾಗಿಲು ಹಾಕಿಕೊಂಡು ಶುರುವಾಯಿತು. ಅದರ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಎಂಟು ತಿಂಗಳು ನಾನು ನೆಮ್ಮದಿಯಾಗಿರಲಿಲ್ಲ, ಆ ಬೋರ್ಡಿನ ಒಂದೊಂದು ಅಕ್ಷರವೂ ನನ್ನ ಕೈಯದೇ ಆಗಿತ್ತಲ್ಲ.

ಜೂನ್ ಬಂತು. ಎರಡನೇ ಮಳೆಯ ಮಾರನೇ ಬೆಳಿಗ್ಗೆ ಮಹದೇವುನನ್ನು ಕರೆದುಕೊಂಡು ಕೆಸರೆಗೆ ಹೋದೆ. ದೂರದಿಂದಲೇ ಕಂಡಿತು, ಹೊಂಗೆಮರದ ಕೆಳಗೆ ಮಿಷನ್ನುಗಳು ಸಾಲು ನಿಂತಿದ್ದವು. ಎಣಿಸಿದೆ. ಹನ್ನೊಂದು. ಅದರಲ್ಲಿ ಮೂರು, ಅವತ್ತು ನೆಪ ಹೇಳಿ ಹೊತ್ತುಕೊಂಡು ಹೋಗಿದ್ದವರದ್ದು. ಮನೆಯಲ್ಲಿಟ್ಟು ಅಂಟು ಹಿಡಿಸಿಕೊಂಡು ಬಂದಿದ್ದರು.

ಮರಿಸ್ವಾಮಿ ಅಟ್ಟದಿಂದ ನಮ್ಮ ಮಿಷನ್ ಇಳಿಸಿಕೊಟ್ಟು, ಹೊಸ ಪೆಟ್ರೋಲು ಹಾಕಿ, ‘ನೀವೇ ಎಳೀರಿ ಮೇಡಂ,’ ಎಂದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಹಗ್ಗ ಎಳೆದೆ. ಒಂದೇ ಎಳೆತ. ಎಂಟು ತಿಂಗಳು ಒಣಗಿ ಮಲಗಿದ್ದದ್ದು ನಿನ್ನೆ ತಾನೇ ನಿಲ್ಲಿಸಿದ ಹಾಗೆ ಹೊತ್ತಿಕೊಂಡು ಗುಡುಗಿತು. ಮಹದೇವು ಬಾಯಿ ಬಿಟ್ಟುಕೊಂಡು ನಿಂತಿದ್ದ. ಆಮೇಲೆ ನಿಧಾನವಾಗಿ ಮಿಷನ್ನಿಗೆ ಕೈಮುಗಿದ. ಈ ವರ್ಷದ ಪೂಜೆಗೆ ಅವನು ಬಂಕಿನ ಕಡೆ ಹೋಗುವುದಿಲ್ಲ ಎಂದು ನನಗೆ ಆಗ ನಂಬಿಕೆ ಬಂತು.

ಅಷ್ಟರಲ್ಲಿ ಲೋಕೇಶ್ ಗರಗಸ ಹಿಡಿದು ಬಂದ. ಬಾಗಿಲ ಹತ್ತಿರ ನಿಂತ. ಬೋರ್ಡಿನ ಕಡೆ ನೋಡಲೂ ಇಲ್ಲ. ಮೂಗು ಮೇಲೆತ್ತಿ ಎರಡು ಸಲ ಉಸಿರೆಳೆದು, ‘ಏನಿಲ್ಲ ಅಣ್ಣಾ!’ ಎಂದು ಕೂಗಿ ಒಳಗೆ ಹೋದ. ಅವನ ಹಿಂದೆ ಕಡಕೊಳದಿಂದ ಬಂದಿದ್ದ ಇನ್ನೊಬ್ಬರು. ಅವರೂ ಹೊಸ್ತಿಲಲ್ಲಿ ನಿಂತರು, ಮೂಸಿದರು, ‘ಏನಿಲ್ಲ ಅಣ್ಣಾ!’ ಎಂದರು. ಆಮೇಲೆ ಮತ್ತೊಬ್ಬರು. ಮನೆಯ ಮುಂದಿನ ಜಗುಲಿಯಲ್ಲಿ ಚಾಮುಂಡಮ್ಮ ಮಡಿಲಲ್ಲಿ ಮೊಮ್ಮಗುವನ್ನು ಮಲಗಿಸಿಕೊಂಡು ಕೂತಿದ್ದರು. ಒಂದೊಂದು ಕೂಗಿಗೂ ಅವರ ಮುಖ ಬೆಳಗುತ್ತಿತ್ತು. ಅವರು ಎದ್ದು ಬರಬೇಕಾದ ಅಗತ್ಯವೇ ಬೀಳಲಿಲ್ಲ.

ದುಡ್ಡು ಕೊಡಬೇಕೆಂದು ನಾನೂ ಬಾಗಿಲಿಗೆ ಹೋದೆ. ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿ ಉಸಿರೆಳೆದೆ. ಮಳೆ ನೆನೆದ ಮಣ್ಣು, ಹೊಂಗೆಯೆಲೆ, ಜಗುಲಿಯಿಂದ ಕಾಫಿ. ಬೇರೆ ಏನೂ ಇರಲಿಲ್ಲ.

‘ಏನಿಲ್ಲ ಅಣ್ಣಾ!’ ಎಂದು ಕೂಗಿದೆ. ಮೂವತ್ತೊಂದು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ಗಂಟಲಿನಲ್ಲಿ, ಇಡೀ ಬೀದಿಗೆ ಕೇಳಿಸುವ ಹಾಗೆ.

‘ಅಂಗಾದ್ರೆ ಬನ್ನಿ ಮೇಡಂ,’ ಎಂದರು ಮರಿಸ್ವಾಮಿ, ಒಳಗಿನಿಂದ.